ಅಮಾದೇ ಅಬಾನ ಮಕ್ಕಳು ದೊರೆಯ ಮೇಲೆ ತಿರುಗಿಬಿದ್ದದ್ದೇಕೆ?

ಹಂಗೇರಿಯ ದೊರೆ ಒಂದನೆಯ ಚಾರ್ಲ್ಸ್‌ನ ಪಕ್ಷದಲ್ಲಿದ್ದ ಅಬಾ ಮನೆತನ ಅವನ ವಿರುದ್ಧವೇ ದಂಗೆಯೆದ್ದದ್ದೇಕೆ ಎಂದು ನೀವು ಕೇಳಿದ್ದೀರಿ. ನಾನು ಓದಿ ತಿಳಿದಮಟ್ಟಿಗೆ ಈ ಜಗಳದ ಬೇರು ಇದ್ದದ್ದು ಸಿಂಹಾಸನದಲ್ಲಲ್ಲ, ಕಾಶ್ಶಾ ಎಂಬ ವ್ಯಾಪಾರದ ಪಟ್ಟಣದಲ್ಲಿ. ಇಂದು ಅದು ಸ್ಲೊವಾಕಿಯದ ಕೊಶಿತ್ಸೆ.

1301ರಲ್ಲಿ ದೊರೆ ಮೂರನೆಯ ಆಂಡ್ರ್ಯೂ ಗಂಡು ಸಂತಾನವಿಲ್ಲದೆ ತೀರಿಕೊಂಡಾಗ ಹಂಗೇರಿಯನ್ನು ಆಳುತ್ತಿದ್ದ ಆರ್ಪಾದ್ ರಾಜವಂಶ ಕೊನೆಗೊಂಡಿತು. ಅಷ್ಟರಲ್ಲಾಗಲೇ ವಾಯವ್ಯದಲ್ಲಿ ಮಾತೇ ಚಾಕ್, ಈಶಾನ್ಯದಲ್ಲಿ ಅಮಾದೇ ಅಬಾ ಮೊದಲಾದ ಕೋಟೆಯ ಒಡೆಯರು, ನಮ್ಮ ಮಾತಿನಲ್ಲಿ ಹೇಳುವುದಾದರೆ ಪಾಳೇಗಾರರು, ತಮ್ಮ ತಮ್ಮ ಸೀಮೆಗಳಲ್ಲಿ ತಾವೇ ದೊರೆಗಳಂತಿದ್ದರು. ಸಿಂಹಾಸನಕ್ಕೆ ಹಕ್ಕು ಹೂಡಿ ಇಟಲಿಯ ನೇಪಲ್ಸ್‌ನಿಂದ ಬಂದ ಹುಡುಗ ಚಾರ್ಲ್ಸ್‌ಗೆ ಇಂಥವರ ಬೆಂಬಲ ಬೇಕಿತ್ತು. ಹಂಗೇರಿಯ ದೊರೆಯಾಗಲು ಧರಿಸಲೇಬೇಕಿದ್ದ ಪವಿತ್ರ ಕಿರೀಟ ಅವನ ತಲೆಗೇರಿದ್ದೇ 1310ರಲ್ಲಿ, ಮೂರನೆಯ ಪಟ್ಟಾಭಿಷೇಕದಲ್ಲಿ. ಅಮಾದೇ ಅವನನ್ನು ಬೆಂಬಲಿಸಿದ್ದು ನಿಜ, ಆದರೆ ತನ್ನ ಸೀಮೆಯೊಳಗೆ ದೊರೆಯ ಮಾತು ನಡೆಯಲೆಂದು ಅಲ್ಲ.

1311ರ ಸೆಪ್ಟೆಂಬರಿನಲ್ಲಿ ಕಾಶ್ಶಾವನ್ನು ತನ್ನ ಹಿಡಿತಕ್ಕೆ ತರಲು ಹೋದ ಅಮಾದೇಯನ್ನು ಅಲ್ಲಿನ ಪಟ್ಟಣಿಗರೇ ಕೊಂದರು. ಚಾರ್ಲ್ಸ್ ನಿಂತದ್ದು ಸತ್ತವನ ಮನೆಯವರ ಕಡೆಗಲ್ಲ, ಕೊಂದವರ ಕಡೆಗೆ. ಅಕ್ಟೋಬರಿನ ಒಪ್ಪಂದದಲ್ಲಿ ಅಮಾದೇಯ ಮಕ್ಕಳು ಪಟ್ಟಣದ ಹಕ್ಕುಗಳನ್ನು ಮಾನ್ಯ ಮಾಡಿ, ಅಬಾಉಯ್ ಮತ್ತು ಜೆಂಪ್ಲೇನ್ ಪ್ರಾಂತಗಳನ್ನು ದೊರೆಗೆ ಬಿಟ್ಟುಕೊಟ್ಟು, ಮೇಲೆ ಒತ್ತೆಯಾಳುಗಳನ್ನೂ ಕೊಡಬೇಕಾಯಿತು. ತಂದೆಯನ್ನು ಕಳೆದುಕೊಂಡವರೇ ದಂಡ ತೆತ್ತ ಈ ಒಪ್ಪಂದ ಬಾಳಿಕೆ ಬರುವಂಥದ್ದಾಗಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಅವರು ಚಾಕ್‌ನೊಂದಿಗೆ ಕೈಜೋಡಿಸಿ ಮತ್ತೆ ಕಾಶ್ಶಾದ ಮೇಲೆ ಬಿದ್ದರು.

1312ರ ಜೂನ್ 15ರಂದು ಕಾಶ್ಶಾದ ಬಳಿಯ ರೊಜ್ಗೋನಿಯಲ್ಲಿ ಎರಡೂ ಪಡೆಗಳು ಎದುರಾದವು. ಚಾಕ್ 1700 ಕೂಲಿ ಸೈನಿಕರನ್ನು ಕಳುಹಿಸಿದ್ದನೆಂದೂ, ಮಂಗೋಲರ ದಾಳಿಯ ನಂತರ ಇಷ್ಟು ಘೋರವಾದ ಕಾಳಗ ನಡೆದಿರಲಿಲ್ಲವೆಂದೂ ಆ ಶತಮಾನದ ಹಂಗೇರಿಯನ್ ಚರಿತ್ರೆ ಹೇಳುತ್ತದೆ. ದೊರೆಯ ಧ್ವಜ ಹಿಡಿದವನು ಬಿದ್ದ, ಧ್ವಜವೂ ಕೈತಪ್ಪಿತು. ಚಾರ್ಲ್ಸ್ ಹಾಸ್ಪಿಟಲರ್ ಎಂಬ ಯೋಧಸಂನ್ಯಾಸಿಗಳ ಧ್ವಜದಡಿ ನಿಂತು ಕಾದಬೇಕಾಯಿತು. ಆ ಹೊತ್ತಿಗೆ ನೆರವಿಗೆ ಬಂದ ಕಾಶ್ಶಾದ ಪಟ್ಟಣಿಗರು ಕಾಳಗದ ದಿಕ್ಕನ್ನು ತಿರುಗಿಸಿದರು. ಅಮಾದೇಯ ಇಬ್ಬರು ಮಕ್ಕಳು ಅಲ್ಲೇ ಮಡಿದರು.

ಆಮೇಲೆ ಅಬಾಗಳ ಕೋಟೆಗಳು ದೊರೆಯ ಕೈಸೇರಿದವು. ಆದರೆ ಅವರಿಗೆ ಬಲ ಕೊಟ್ಟಿದ್ದ ಚಾಕ್‌ನನ್ನು ಚಾರ್ಲ್ಸ್‌ಗೆ ಪೂರ್ತಿ ಮಣಿಸಲಾಗಲಿಲ್ಲ; ಅವನ ಸೀಮೆ ದೊರೆಗೆ ಸಿಕ್ಕಿದ್ದು 1321ರಲ್ಲಿ ಅವನು ಸತ್ತ ಮೇಲೆಯೇ.