ಬಲೆ ತುಂಬಿದರೂ ಮಾವಿನಲ್ಲಿ ಹುಳು ಏಕೆ?

ಪ್ರಶ್ನೆ: ಶ್ರೀನಿವಾಸಪುರದ ಬಳಿ ನಮ್ಮದು ಮೂರು ಎಕರೆ ಮಾವಿನ ತೋಪು. ಕಾಯಿ ಬಲಿತ ಮೇಲೆ ಊಜಿ ನೊಣಕ್ಕೆಂದು (ಹಣ್ಣಿನ ನೊಣ) ಮೋಹಕ ಬಲೆಗಳನ್ನು ಕಟ್ಟಿದೆವು. ವಾರಕ್ಕೊಮ್ಮೆ ಬೊಗಸೆ ತುಂಬ ನೊಣಗಳು ಸಿಗುತ್ತಿವೆ. ಆದರೂ ಕೊಯ್ದ ಹಣ್ಣಿನಲ್ಲಿ ಹುಳು ಇದೆ. ಈ ಬಲೆಗಳೇ ಪಕ್ಕದ ತೋಪಿನ ನೊಣಗಳನ್ನು ಕರೆತಂದು ನಮ್ಮ ಹಣ್ಣು ಕೆಡಿಸುತ್ತಿವೆಯೇ?

ಉತ್ತರ: ಬಲೆಗೆ ಬಿದ್ದ ನೊಣವೊಂದನ್ನು ಅಂಗೈ ಮೇಲಿಟ್ಟು ಹೊಟ್ಟೆಯ ತುದಿಯನ್ನು ನೋಡಿ. ತುದಿ ಸೂಜಿಯಂತೆ ಚೂಪಾಗಿದ್ದರೆ ಹೆಣ್ಣು, ಮೊಂಡಾಗಿದ್ದರೆ ಗಂಡು. ನಿಮ್ಮ ಬೊಗಸೆಯಲ್ಲಿರುವುದು ಬಹುತೇಕ ಗಂಡುಗಳೇ. ಏಕೆಂದರೆ ಬಲೆಯ ಮರದ ತುಂಡಿಗೆ ಹೀರಿಸಿರುವ ಮಿಥೈಲ್ ಯೂಜಿನಾಲ್ ಗಂಡು ನೊಣಗಳನ್ನು ಸೆಳೆಯುವ ವಸ್ತು. ನಮ್ಮ ತುಳಸಿಯಲ್ಲೂ ಅದು ಇದೆ. ಸಿಪ್ಪೆಯನ್ನು ಚುಚ್ಚಿ ಒಳಗೆ ಮೊಟ್ಟೆಯಿಡುವುದು ಹೆಣ್ಣು, ಅದು ಈ ವಾಸನೆಗೆ ಮರುಳಾಗುವುದಿಲ್ಲ. ಆದ್ದರಿಂದ ಪಕ್ಕದ ತೋಪಿನಿಂದ ಒಂದಷ್ಟು ಗಂಡುಗಳು ಬಂದಿದ್ದರೂ ನಿಮ್ಮ ಹಣ್ಣಿನ ಹುಳುವಿಗೆ ಅವು ಕಾರಣವಲ್ಲ.

ತೊಂದರೆ ಇರುವುದು ಬಲೆ ಕಟ್ಟಿದ ಹೊತ್ತಿನಲ್ಲಿ. ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡಬಲ್ಲದಾದ್ದರಿಂದ, ಅಳಿದುಳಿದ ಕೆಲವೇ ಗಂಡುಗಳಿದ್ದರೂ ಸಂತತಿ ಮುಂದುವರಿಯುತ್ತದೆ. ಕಾಯಿ ಬಲಿತ ಮೇಲೆ ಬಲೆ ಕಟ್ಟುವಷ್ಟರಲ್ಲಿ ಕೂಡಿ ಮುಗಿಸಿದ ಹೆಣ್ಣುಗಳು ಆಗಲೇ ಮರದಲ್ಲಿರುತ್ತವೆ. ಗಂಡುಗಳನ್ನು ಸೆಳೆದು ಕೊಲ್ಲುವ ಇದೇ ವಿಧಾನದಿಂದ ಪೆಸಿಫಿಕ್ ಸಾಗರದ ರೋಟಾ ದ್ವೀಪದಲ್ಲಿ ಈ ನೊಣವನ್ನು ಪೂರ್ತಿ ನಿರ್ಮೂಲ ಮಾಡಿದ್ದು 1965ರಲ್ಲಿ ವರದಿಯಾಯಿತು. ಆದರೆ ಅಲ್ಲಿ ದ್ವೀಪಕ್ಕೆ ದ್ವೀಪವನ್ನೇ ಒಟ್ಟಿಗೆ ಹಿಡಿದಿದ್ದರು, ಸುತ್ತ ಸಮುದ್ರವಿತ್ತು. ನಿಮ್ಮ ಮೂರು ಎಕರೆಗೆ ಅಂಥ ಗಡಿಯಿಲ್ಲ. ಮುಂದಿನ ಬೆಳೆಗೆ ನೆರೆಯವರನ್ನೂ ಸೇರಿಸಿಕೊಂಡು, ಕೊಯ್ಲಿಗೆ ಒಂದೂವರೆ ಎರಡು ತಿಂಗಳು ಮೊದಲೇ ಬಲೆ ಕಟ್ಟಿ.

ಹೆಣ್ಣಿನ ದುರ್ಬಲತೆ ಬೇರೆ. ಕೋಶದಿಂದ (ಹುಳು ನೊಣವಾಗಿ ಮಾರ್ಪಡುವ ಗೂಡಿನಿಂದ) ಹೊರಬಂದ ಹೆಣ್ಣಿನ ಮೊಟ್ಟೆಗಳು ಬಲಿಯಲು ಪ್ರೋಟೀನ್ ಬೇಕು. ಅದನ್ನು ಹುಡುಕಿಕೊಂಡು ಅಲೆಯುವ ದಿನಗಳಲ್ಲಿ ಪ್ರೋಟೀನ್ ಆಮಿಷಕ್ಕೆ ಶಿಫಾರಸಾದ ಕೀಟನಾಶಕ ಬೆರೆಸಿ, ಹಣ್ಣಿಗೆ ತಾಗದಂತೆ ಕಾಂಡದ ಮೇಲೆ ಅಲ್ಲಲ್ಲಿ ಸಿಂಪಡಿಸಿದರೆ ಹೆಣ್ಣುಗಳೂ ಸಾಯುತ್ತವೆ. ಈ ಕೆಲಸವನ್ನು ಗಂಡುಗಳ ಬಲೆಯಿಂದ ನಿರೀಕ್ಷಿಸಬೇಡಿ.

ಈಗಲೇ ಮಾಡಬೇಕಾದದ್ದೂ ಇದೆ. ಉದುರಿದ ಹಣ್ಣಿನಿಂದ ಹೊರಬರುವ ಹುಳು ಮರದ ಬುಡದ ಮಣ್ಣಿನೊಳಗೆ ಕೋಶವಾಗಿ, ಸುಮಾರು ಹತ್ತು ದಿನದಲ್ಲಿ ಮತ್ತೆ ನೊಣವಾಗಿ ಏಳುತ್ತದೆ. ಉದುರಿದ್ದನ್ನು ಪ್ರತಿದಿನ ಆಯ್ದು ಆಳವಾದ ಗುಂಡಿಯಲ್ಲಿ ಹೂಳಿರಿ. ದಯವಿಟ್ಟು ತೋಪಿನ ಅಂಚಿನಲ್ಲಿ ರಾಶಿ ಹಾಕಬೇಡಿ. ಕೊಯ್ದ ಹಣ್ಣಿನೊಳಗಿನ ಮೊಟ್ಟೆ, ಹುಳುಗಳನ್ನು ಕೊಲ್ಲಲು 48 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 60 ನಿಮಿಷ ಮುಳುಗಿಸುವ ಕ್ರಮವಿದೆ. ನೀರಿನ ಬಿಸಿ ಉದ್ದಕ್ಕೂ ಒಂದೇ ಸಮನಾಗಿರಬೇಕಾದ್ದರಿಂದ ಇದನ್ನು ಆ ಸೌಲಭ್ಯವಿರುವ ಪ್ಯಾಕ್‌ಹೌಸಿನಲ್ಲಿಯೇ (ಹಣ್ಣು ವಿಂಗಡಿಸಿ ಪ್ಯಾಕ್ ಮಾಡುವ ಕೇಂದ್ರ) ಮಾಡಿಸಿ.