ತೆರಿಗೆ ಗ್ಯಾಸಿಗಲ್ಲ, ಸಕ್ಕರೆಗೆ ಬೀಳಲಿ

ಸಿಹಿ ಪಾನೀಯಗಳ ಮೇಲಿನ ತೆರಿಗೆಯನ್ನು ಬೆಂಬಲಿಸಿ ಹೋದ ಸಂಚಿಕೆಯಲ್ಲಿ ಬರೆದಿದ್ದೆವು. ಹಾವೇರಿ ಜಿಲ್ಲೆಯ ಕಿರಾಣಿ ಅಂಗಡಿಯವರೊಬ್ಬರು ಅದಕ್ಕೆ ಹೀಗೆ ಬರೆದಿದ್ದಾರೆ: "ಕೂಲ್ ಡ್ರಿಂಕ್ಸ್‌ಗೆ ಈಗಾಗಲೇ ಶೇ 40 ಜಿಎಸ್‌ಟಿ ಇದೆ. ಯಾರು ಕುಡಿಯೋದು ಬಿಟ್ಟರು? ಇನ್ನೂ ಹಾಕಿದರೆ ಹೊರೆ ಬಡವರಿಗೇ. ನಾಳೆ ಕಬ್ಬಿನ ಹಾಲಿಗೂ, ಪಾನಕಕ್ಕೂ ಹಾಕಿ ಅಂತೀರಾ? ಆರೋಗ್ಯದ ಹೆಸರಲ್ಲಿ ಸರ್ಕಾರ ಖಜಾನೆ ತುಂಬಿಸಿಕೊಳ್ಳುತ್ತದೆ, ಅಷ್ಟೇ."

ಸಂಪಾದಕರ ಉತ್ತರ:

ನಿಮ್ಮ ಮೊದಲ ಮಾತು ಸರಿ. 2017ರಲ್ಲಿ ಜಿಎಸ್‌ಟಿ ಬಂದಾಗಲೇ ಶೇ 28 ತೆರಿಗೆ, ಅದರ ಮೇಲೆ ಶೇ 12 ಸೆಸ್ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40ರ ಒಂದೇ ದರ ಆಯಿತು. ಆದರೆ ಈ ತೆರಿಗೆ ಯಾವುದರ ಮೇಲೆ ಬಿದ್ದಿದೆ ಅಂತ ನಿಮ್ಮ ಅಂಗಡಿಯ ಫ್ರಿಜ್ ತೆಗೆದು ನೋಡಿ. ಸಕ್ಕರೆ ಇರುವ ಕೋಲಾಕ್ಕೆ ಶೇ 40. ಪಕ್ಕದ ಝೀರೋ ಶುಗರ್ ಕೋಲಾಕ್ಕೂ ಶೇ 40. ಕೆಳಗಿನ ಸಾಲಿನ ಮಾವಿನ ಡ್ರಿಂಕ್‌ಗೆ, ಅದರಲ್ಲಿ ಗ್ಯಾಸ್ ಇಲ್ಲ ಅಂತ, ಬರೀ ಶೇ 5. ಮೊದಲು 12 ಇತ್ತು, ಅದನ್ನೂ ಇಳಿಸಿದರು. ಈಗ ಎರಡೂ ಬಾಟಲಿ ತಿರುಗಿಸಿ ಲೇಬಲ್ ಓದಿ. ಕೋಲಾದಲ್ಲಿ 100 ಮಿ.ಲೀ.ಗೆ ಸುಮಾರು 10-11 ಗ್ರಾಂ ಸಕ್ಕರೆ. ಮಾವಿನ ಡ್ರಿಂಕ್‌ಗಳಲ್ಲೂ ಹೆಚ್ಚುಕಡಿಮೆ ಅಷ್ಟೇ, ಕೆಲವದರಲ್ಲಿ ಇನ್ನೂ ಜಾಸ್ತಿ. ಸಕ್ಕರೆ ಹಾಕಿದರೂ ಬಿಟ್ಟರೂ ತೆರಿಗೆ ಒಂದೇ ಅಂದ ಮೇಲೆ ಕಂಪನಿಯವರು ಯಾಕೆ ಕಡಿಮೆ ಮಾಡುತ್ತಾರೆ?

ಜೊತೆಗೆ ನಮ್ಮದು ಬೆಲೆಯ ಮೇಲಿನ ತೆರಿಗೆ. 10 ರೂಪಾಯಿಯ 200 ಮಿ.ಲೀ. ಕೋಲಾ ಬಾಟಲಿಯಲ್ಲಿ ತೆರಿಗೆ 3 ರೂಪಾಯಿಯೂ ಆಗುವುದಿಲ್ಲ. ಸಕ್ಕರೆ ಮಾತ್ರ 20 ಗ್ರಾಂ ದಾಟುತ್ತದೆ, ಅಂದರೆ ಐದು ಚಮಚ. ದೊಡ್ಡವರಿಗೇ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಶಾಲೆ ಬಿಟ್ಟು ಬರುವ ಮಗು ಅದನ್ನು ಒಂದೇ ಗುಟುಕಿಗೆ ಮುಗಿಸುತ್ತದೆ.

ಬ್ರಿಟನ್‌ನವರು ಬೇರೆ ದಾರಿ ಹಿಡಿದರು. ಅಲ್ಲಿ 2018ರ ಏಪ್ರಿಲ್‌ನಿಂದ ತೆರಿಗೆ ಲೆಕ್ಕ ಆಗುವುದು ಸಕ್ಕರೆಯ ಮೇಲೆ. 100 ಮಿ.ಲೀ.ಗೆ 5 ಗ್ರಾಂ ಒಳಗಿದ್ದರೆ ಏನೂ ಇಲ್ಲ. 5 ಮುಟ್ಟಿದರೆ ಲೀಟರಿಗೆ 18 ಪೆನ್ಸ್, 8 ಮುಟ್ಟಿದರೆ 24 ಪೆನ್ಸ್ ಅಂತ ಶುರು ಮಾಡಿದರು. ಇದನ್ನು 2016ರಲ್ಲೇ ಹೇಳಿ ಎರಡು ವರ್ಷ ಸಮಯ ಕೊಟ್ಟರು. ಅಷ್ಟರಲ್ಲಿ ಎಷ್ಟೋ ಕಂಪನಿಗಳು ಸಕ್ಕರೆ ಇಳಿಸಿಬಿಟ್ಟವು. ಸ್ಕಾಟ್ಲೆಂಡಿನವರ ಅಚ್ಚುಮೆಚ್ಚಿನ ಇರ್ನ್‌ ಬ್ರೂ ಅನ್ನುವ ಪಾನೀಯದಲ್ಲಿ ಸಕ್ಕರೆ 100 ಮಿ.ಲೀ.ಗೆ 10.3 ಗ್ರಾಂನಿಂದ 4.7ಕ್ಕೆ ಬಂತು. ಹಳೇ ರುಚಿ ಬೇಕು ಅಂತ ಜನ ಬಾಟಲಿಗಟ್ಟಲೆ ಕೂಡಿಟ್ಟುಕೊಂಡರಂತೆ. ಕೋಕಾ ಕೋಲಾ ತನ್ನ ಮೂಲ ಪಾನೀಯವನ್ನು ಬದಲಿಸಲಿಲ್ಲ, ತೆರಿಗೆ ಕಟ್ಟಿತು.

ಖಜಾನೆ ಬಗ್ಗೆ ಕೇಳಿದಿರಲ್ಲ, ಇಲ್ಲಿ ನೋಡಿ. ಮೊದಲ ವರ್ಷ 52 ಕೋಟಿ ಪೌಂಡ್ ಬರುತ್ತದೆ ಅಂತ ಬ್ರಿಟನ್ ಸರ್ಕಾರ ಅಂದಾಜು ಮಾಡಿತ್ತು. ಕಂಪನಿಗಳು ಸಕ್ಕರೆ ಇಳಿಸಿದ್ದರಿಂದ ಬಂದದ್ದು ಅದರ ಅರ್ಧಕ್ಕಿಂತ ಕಡಿಮೆ. ನನಗೆ ಅದೇ ಗೆಲುವು. ಹಾಗಂತ ಇದು ಎಲ್ಲ ರೋಗಕ್ಕೂ ಮದ್ದಲ್ಲ. ಆಮೇಲೆ ನಡೆದ ಅಧ್ಯಯನದಲ್ಲಿ 10-11 ವರ್ಷದ ಹುಡುಗಿಯರಲ್ಲಿ ಬೊಜ್ಜು ಕಡಿಮೆಯಾಗಿದ್ದು ಕಂಡಿತು, ಹುಡುಗರಲ್ಲಿ ಕಾಣಲಿಲ್ಲ.

ಬಡವರ ಮೇಲಿನ ಹೊರೆ ಅಂದಿರಿ. ಆ ಚಿಂತೆ ನನಗೂ ಇದೆ. ಮೆಕ್ಸಿಕೋ 2014ರಲ್ಲಿ ಲೀಟರಿಗೆ 1 ಪೆಸೊ ತೆರಿಗೆ ಹಾಕಿದಾಗ ಮೊದಲ ವರ್ಷ ಖರೀದಿ ಸರಾಸರಿ ಶೇ 6 ಇಳಿಯಿತು. ಬಡ ಮನೆಗಳಲ್ಲಿ ಅದಕ್ಕಿಂತ ಜಾಸ್ತಿ ಇಳಿಯಿತು. ಕುಡಿಯದವರು ತೆರಿಗೆ ಕಟ್ಟಲೇಬೇಕಿಲ್ಲ, ಅಲ್ವಾ? ಸಕ್ಕರೆ ಕಾಯಿಲೆ ಬಂದರೆ ಮಾತ್ರ ಮಾತ್ರೆ, ರಕ್ತ ಪರೀಕ್ಷೆ, ಕಾಲಿನ ಹುಣ್ಣು ಅಂತ ಸಾಯೋವರೆಗೂ ಖರ್ಚು. ಕೂಲಿಯವರ ಮನೆಗೆ ಆ ಹೊರೆ ಸಣ್ಣದಲ್ಲ. 2023ರಲ್ಲಿ ಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಈ ಕಾಯಿಲೆ ಇದೆ.

ಪಾನಕಕ್ಕೆ, ಕಬ್ಬಿನ ಹಾಲಿಗೆ ತೆರಿಗೆ ಹಾಕಿ ಅಂತ ನಾವು ಹೇಳೋದಿಲ್ಲ. ರಾಮನವಮಿಯ ಪಾನಕ ವರ್ಷಕ್ಕೊಮ್ಮೆ. ಕಬ್ಬಿನ ಹಾಲಿನಲ್ಲೂ ಸಕ್ಕರೆ ಜಾಸ್ತಿಯೇ, ಆದರೆ ಗಾಣದವನಿಗೆ ಟಿವಿ ಜಾಹೀರಾತಿಲ್ಲ, ಹಳ್ಳಿ ಹಳ್ಳಿಗೂ ಫ್ರಿಜ್ ಕೊಡುವ ಕಂಪನಿಯಿಲ್ಲ.

ಹಾಗಾಗಿ ಇರುವ ಶೇ 40ರ ಮೇಲೆ ಸುಮ್ನೆ ಇನ್ನಷ್ಟು ಹೇರಿ ಅನ್ನೋದು ನಮ್ಮ ಮಾತಲ್ಲ. ಗ್ಯಾಸಿನ ಲೆಕ್ಕ ಬಿಡಿ, ಸಕ್ಕರೆಯ ಗ್ರಾಂ ಲೆಕ್ಕ ಹಿಡಿಯಿರಿ, ಮಾವಿನ ಡ್ರಿಂಕನ್ನೂ ಅದೇ ತಕ್ಕಡಿಗೆ ಹಾಕಿ, ಕಂಪನಿಗಳಿಗೆ ಎರಡು ವರ್ಷ ಸಮಯ ಕೊಡಿ. ಬಂದ ಹಣದಲ್ಲಿ ಮೊದಲು ಶಾಲೆಗೆ, ಬಸ್ ಸ್ಟ್ಯಾಂಡಿಗೆ ಕುಡಿಯೋ ನೀರು ಕೊಡಿ. ಜಿಎಸ್‌ಟಿ ಮಂಡಳಿಯಲ್ಲಿ ಕರ್ನಾಟಕದ ಸಚಿವರೂ ಕೂರುತ್ತಾರೆ. ಈ ಮಾತನ್ನು ಅಲ್ಲಿ ಎತ್ತಿ ಅಂತ ನಾವು ಅವರನ್ನೇ ಕೇಳುತ್ತಿದ್ದೇವೆ. ದಿನವೂ ಇದೇ ಬಾಟಲಿಗಳನ್ನು ಮಾರುವ ನೀವೂ ಕೇಳಿದರೆ ಅದಕ್ಕೆ ಇನ್ನೂ ತೂಕ ಬರುತ್ತದೆ.