40 ಸಾವಿರ ಇದೆ: ಮೊದಲು ಬೇಸ್ ಗಿಟಾರ್ ಬದಲಿಸಲಾ, ಆಂಪ್ ಬದಲಿಸಲಾ?

ನೀವು ಕೇಳಿದ್ದು ಇಷ್ಟು. ಶಿವಮೊಗ್ಗದಲ್ಲಿ ಓದುತ್ತಿದ್ದೀರಿ. ಎರಡು ವರ್ಷದಿಂದ ಯಮಹಾ ಟಿಆರ್‌ಬಿಎಕ್ಸ್ 174 ಅನ್ನುವ ಬೇಸ್ ಗಿಟಾರ್ (ತಗ್ಗಿನ ಸ್ವರಗಳ ಗಿಟಾರ್) ನುಡಿಸುತ್ತಿದ್ದೀರಿ, ಮನೆಯಲ್ಲಿ 15 ವ್ಯಾಟಿನ ಚಿಕ್ಕ ಆಂಪ್ (ಗಿಟಾರಿನ ಸದ್ದು ಜೋರು ಮಾಡುವ ಸ್ಪೀಕರ್ ಪೆಟ್ಟಿಗೆ) ಇದೆ. ಈಗ ಒಂದು ಆರ್ಕೆಸ್ಟ್ರಾಗೆ ಸೇರಿದ್ದೀರಿ, ಡ್ರಮ್ಸ್ ಶುರುವಾದ ಕೂಡಲೇ ನಿಮ್ಮ ಬೇಸ್ ಕೇಳಿಸುವುದೇ ಇಲ್ಲ. ಕೈಯಲ್ಲಿ 40 ಸಾವಿರ ಇದೆ, ಯಾವುದನ್ನು ಬದಲಿಸಲಿ?

ಆಂಪ್ ಬದಲಿಸಿ. ಅದಕ್ಕೂ ಮೊದಲು ಈಗಿರುವ ಬೇಸ್ ಗಿಟಾರಿಗೆ ಹೊಸ ತಂತಿ ಹಾಕಿ ಒಂದು ಸಲ ಸರಿಯಾಗಿ ಸೆಟಪ್ (ತಂತಿಯ ಎತ್ತರ, ಕತ್ತಿನ ಬಾಗು ಸರಿಮಾಡುವುದು) ಮಾಡಿಸಿ. ಗಿಟಾರ್ ಬದಲಿಸುವ ವಿಚಾರ ಇನ್ನೊಂದು ವರ್ಷ ಇಟ್ಟುಕೊಳ್ಳಿ.

ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣ ಇದೆ. ನಾನು ಇದೇ ಊರಲ್ಲಿ 16 ವರ್ಷದಿಂದ ನುಡಿಸುತ್ತಿದ್ದೇನೆ. ಹಗಲು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಚೌತಿಯಿಂದ ಹಿಡಿದು ಬೇಸಿಗೆಯ ಜಾತ್ರೆಗಳು ಮುಗಿಯುವವರೆಗೆ ರಾತ್ರಿ ಕಾರ್ಯಕ್ರಮ. ಮೂರನೇ ವರ್ಷ ನನಗೂ ನಿಮ್ಮ ಹಾಗೇ ಆಯಿತು. ನನ್ನ ಬೇಸ್ ಕೇಳಿಸುತ್ತಿಲ್ಲ, ಗಿಟಾರೇ ಸರಿಯಿಲ್ಲ ಅಂದುಕೊಂಡೆ. ಒಂದೂವರೆ ವರ್ಷ ದುಡ್ಡು ಕೂಡಿಟ್ಟೆ. ಬೆಂಗಳೂರಿಗೆ ಹೋಗಿ ದುಪ್ಪಟ್ಟು ಬೆಲೆಯ ಬೇಸ್ ತಂದೆ. ಸಾಗರದ ಹತ್ತಿರ ಒಂದು ಕಾರ್ಯಕ್ರಮದಲ್ಲಿ ಅದೇ ಹಳೇ ಚಿಕ್ಕ ಆಂಪಿಗೆ ಅದನ್ನು ಹಾಕಿ ನುಡಿಸಿದೆ. ಮುಗಿದ ಮೇಲೆ ನಮ್ಮ ಕೀಬೋರ್ಡ್ ಅಣ್ಣ ಬಂದು, "ಹೊಸ ಗಿಟಾರ್ ಇವತ್ತು ತರ್ತೀನಿ ಅಂದಿದ್ಯಲ್ಲಾ, ತರಲಿಲ್ವಾ?" ಅಂತ ಕೇಳಿದರು. ಅವರು ತಮಾಷೆ ಮಾಡುತ್ತಿರಲಿಲ್ಲ. ಅವರಿಗೆ ನಿಜವಾಗಿಯೂ ವ್ಯತ್ಯಾಸ ಗೊತ್ತಾಗಿರಲಿಲ್ಲ.

ಯಾಕೆ ಹಾಗೆ ಅಂತ ಆಮೇಲೆ ತಿಳಿಯಿತು. ಬೇಸಿನ ಅತಿ ದಪ್ಪ ತಂತಿ, ಅಂದರೆ ಇ ತಂತಿ, ಬೆರಳಿಡದೆ ಮೀಟಿದರೆ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ಕೆಳಗಿನ ಸ್ವರ ಜೋರಾಗಿ ಕೇಳಬೇಕಾದರೆ ಸ್ಪೀಕರ್ ತುಂಬ ಗಾಳಿ ತಳ್ಳಬೇಕು. ಚಿಕ್ಕ ಆಂಪಿನ 8 ಇಂಚಿನ ಸ್ಪೀಕರಿಗೆ ಅದು ಆಗುವುದಿಲ್ಲ. ಅದರಿಂದ ಹೊರಬರುವುದು ಹೆಚ್ಚಾಗಿ ಆ ಸ್ವರದ ದುಪ್ಪಟ್ಟು, ಮೂರು ಪಟ್ಟಿನ ಮೇಲಿನ ಕಂಪನಗಳು. ಕೆಳಗಿನದನ್ನು ನಮ್ಮ ಕಿವಿಯೇ ತುಂಬಿಕೊಳ್ಳುತ್ತದೆ. ಮನೆಯಲ್ಲಿ ಅಭ್ಯಾಸ ಮಾಡುವಾಗ ಇದು ಸಾಕು. ಡ್ರಮ್ಸ್ ಪಕ್ಕ ಕೂತರೆ ಸಾಲದು.

ವ್ಯಾಟ್ ಲೆಕ್ಕದಲ್ಲೂ ಮೋಸ ಹೋಗಬೇಡಿ. 15ರಿಂದ 30 ವ್ಯಾಟಿಗೆ ಹೋದರೆ ಸದ್ದು ಎರಡು ಪಟ್ಟು ಆಗುವುದಿಲ್ಲ, 3 ಡೆಸಿಬೆಲ್ ಏರುತ್ತದೆ ಅಷ್ಟೇ. ಕಿವಿಗೆ ಅದು ಒಂಚೂರು ಜಾಸ್ತಿ ಅನಿಸುತ್ತದೆ. ಎರಡು ಪಟ್ಟು ಜೋರು ಅನಿಸಬೇಕಾದರೆ ಹತ್ತಿರ ಹತ್ತಿರ ಹತ್ತು ಪಟ್ಟು ವ್ಯಾಟ್ ಬೇಕು. ಹಾಗಾಗಿ 30, 40 ವ್ಯಾಟಿನದಕ್ಕೆ ದುಡ್ಡು ಹಾಕುವುದಕ್ಕಿಂತ ನೇರ 100 ವ್ಯಾಟ್, 12 ಇಂಚಿನ ಸ್ಪೀಕರ್ ಇರುವುದನ್ನು ನೋಡಿ. ನಾನು ಬಳಸುವುದು ಫೆಂಡರ್ ರಂಬಲ್ 100. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಹತ್ತು ಕಿಲೋ ಆಸುಪಾಸು ತೂಕ. ತೂಕದ ಮಾತು ಸಣ್ಣದಲ್ಲ. ಕಾರ್ಯಕ್ರಮಕ್ಕೆ ಹೋಗುವಾಗ ತಂಡದ ಗಾಡಿ ಇರುತ್ತದೆ. ರಿಹರ್ಸಲ್‌ಗೆ ಬಸ್ಸಿನಲ್ಲೋ ಸ್ಕೂಟರಿನಲ್ಲೋ ನೀವೇ ಹೊತ್ತುಕೊಂಡು ಹೋಗಬೇಕು. ಹಳೇ ಕಾಲದ ಭಾರೀ ಆಂಪ್ ಅಗ್ಗಕ್ಕೆ ಸಿಕ್ಕಿತು ಅಂತ ತಂದವರು ಎರಡು ತಿಂಗಳಿಗೆ ಅದನ್ನು ಮನೆಯಲ್ಲೇ ಬಿಟ್ಟು ಬರುವುದನ್ನು ನೋಡಿದ್ದೇನೆ.

ಮುಂದೆ ಎಂದಾದರೂ ಹೆಡ್ಡು (ಸದ್ದು ಏರಿಸುವ ಭಾಗ), ಬಾಕ್ಸು (ಸ್ಪೀಕರ್ ಇರುವ ಪೆಟ್ಟಿಗೆ) ಬೇರೆ ಬೇರೆ ತಗೊಂಡರೆ ಒಂದು ನೆನಪಿರಲಿ. 8 ಓಮ್‌ನ ಎರಡು ಬಾಕ್ಸ್ ಸಮಾನಾಂತರವಾಗಿ ಸೇರಿಸಿದರೆ 4 ಓಮ್ ಆಗುತ್ತದೆ. ಹೆಡ್ಡಿನ ಹಿಂದೆ ಕನಿಷ್ಠ 4 ಓಮ್ ಅಂತ ಬರೆದಿದ್ದರೆ ಅದಕ್ಕಿಂತ ಕೆಳಗೆ ಇಳಿಸಬಾರದು.

ಇನ್ನು ಡಿಐ ಬಾಕ್ಸ್. ಇದನ್ನು ಮರೆಯಲೇಬೇಡಿ. ನಮ್ಮ ಕಡೆ ಚಪ್ಪರದ ಕಾರ್ಯಕ್ರಮದಲ್ಲಿ ಮಿಕ್ಸರ್ ಸ್ಟೇಜಿನಿಂದ 60, 70 ಅಡಿ ದೂರ ಇರುತ್ತದೆ. ಗಿಟಾರಿನ ಮಾಮೂಲಿ ಕೇಬಲನ್ನು ಅಷ್ಟುದ್ದ ಎಳೆದರೆ ಮೇಲಿನ ಸ್ವರ ಮಂಕಾಗುತ್ತದೆ, ದಾರಿಯಲ್ಲಿರುವ ಲೈಟಿನ ವೈರುಗಳಿಂದ ಗುಂಯ್ ಅನ್ನುವ ಸದ್ದೂ ಸೇರಿಕೊಳ್ಳುತ್ತದೆ. ಡಿಐ ಬಾಕ್ಸ್ ನಿಮ್ಮ ಸಿಗ್ನಲನ್ನು ಮೈಕಿನ ಕೇಬಲಿನಲ್ಲಿ ಹೋಗುವ ಹಾಗೆ ಬದಲಿಸಿ ಕೊಡುತ್ತದೆ. ಜನರಿಗೆ ಕೇಳುವುದು ಸೌಂಡ್ಸ್‌ನವರ ದೊಡ್ಡ ಬಾಕ್ಸಿನಿಂದ, ನಿಮ್ಮ ಆಂಪ್ ಇರುವುದು ನಿಮಗೂ ಡ್ರಮ್ಮರಿಗೂ ಕೇಳಲಿಕ್ಕೆ. ಈಗಿನ ಎಷ್ಟೋ ಆಂಪ್‌ಗಳ ಹಿಂದೆ ಎಕ್ಸ್‌ಎಲ್‌ಆರ್ ಔಟ್ (ಮೈಕಿನ ಕೇಬಲ್ ಸಿಕ್ಕಿಸುವ ಜಾಗ) ಇರುತ್ತದೆ. ಆದರೂ ನಾನು ಒಂದು ಪ್ಯಾಸಿವ್ ಡಿಐ ಬ್ಯಾಗಿನಲ್ಲಿ ಇಟ್ಟಿರುತ್ತೇನೆ. ಅದಕ್ಕೆ ಕರೆಂಟೂ ಬೇಡ, ಬ್ಯಾಟರಿಯೂ ಬೇಡ. ಆಂಪ್ ಕೈಕೊಟ್ಟರೆ ಬೇಸನ್ನು ನೇರ ಮಿಕ್ಸರಿಗೆ ಕೊಟ್ಟು ಕಾರ್ಯಕ್ರಮ ಮುಗಿಸಬಹುದು.

ಕರೆಂಟಿನ ವಿಷಯ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ತೀರ್ಥಹಳ್ಳಿ ಕಡೆಯ ಒಂದು ಊರು. ಗಣಪತಿ ಕೂರಿಸಿದ ಚಪ್ಪರ, ಸಂಜೆ ಮಳೆ ಬಂದು ನೆಲವೆಲ್ಲ ಒದ್ದೆ. ದೇವರ ಮುಂದೆ ಅಂತ ನಾವೆಲ್ಲ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತಿದ್ದೆವು. ಎರಡನೇ ಹಾಡಿಗೆ ಕೋರಸ್ ಹೇಳಲು ಮೈಕಿನ ಹತ್ತಿರ ಬಾಯಿ ತಂದೆ. ತುಟಿ ತಾಗಿತು. ಸೂಜಿಗಳನ್ನು ಒಟ್ಟಿಗೆ ಚುಚ್ಚಿದ ಹಾಗಾಗಿ ತಲೆ ಹಿಂದಕ್ಕೆ ಎಗರಿತು. ಎಡಗೈ ತಂತಿಯ ಮೇಲೆ ಹಾಗೇ ಬಿಗಿದುಕೊಂಡಿತು. ಒಂದೆರಡು ಕ್ಷಣ ಬಿಡಿಸಿಕೊಳ್ಳಲು ಆಗಲಿಲ್ಲ.

ಆಗಿದ್ದು ಏನಂದರೆ, ಮಿಕ್ಸರ್ ಜನರೇಟರಿನಲ್ಲಿತ್ತು. ನನ್ನ ಆಂಪನ್ನು ಪಕ್ಕದ ಮನೆಯ ಲೈನಿಗೆ ಹಾಕಿದ್ದರು. ಗುಂಯ್ ಸದ್ದು ನಿಲ್ಲಲಿ ಅಂತ ಯಾರೋ ಎಕ್ಸ್‌ಟೆನ್ಷನ್ ಪ್ಲಗ್ಗಿನ ಮೇಲಿನ ದಪ್ಪ ಪಿನ್, ಅಂದರೆ ಅರ್ಥ್ (ನೆಲಕ್ಕೆ ಸೇರುವ) ಪಿನ್, ಕಿತ್ತಿದ್ದರು. ಬೇಸಿನ ತಂತಿಗಳು ಬ್ರಿಡ್ಜ್ (ತಂತಿ ಕೂರುವ ಲೋಹದ ಭಾಗ) ಮೂಲಕ ಆಂಪಿನ ಅರ್ಥಿಗೆ ಸೇರಿರುತ್ತವೆ, ಮೈಕಿನ ಜಾಲರಿ ಮಿಕ್ಸರಿನ ಅರ್ಥಿಗೆ. ಎರಡರ ನಡುವೆ ವೋಲ್ಟೇಜ್ ವ್ಯತ್ಯಾಸ ಇದ್ದರೆ ಕರೆಂಟ್ ಹರಿಯುವುದು ನಮ್ಮ ಮೈ ಮೂಲಕ.

ಅವತ್ತಿನಿಂದ ನನ್ನ ಬ್ಯಾಗಿನಲ್ಲಿ ಟೆಸ್ಟರ್ ಇದೆ. ಸೌಂಡ್ ಚೆಕ್‌ಗೆ ಮೊದಲು ಮೈಕಿನ ಜಾಲರಿಗೂ ನನ್ನ ತಂತಿಗೂ ಟೆಸ್ಟರ್ ಇಡುತ್ತೇನೆ. ಲೈಟ್ ಹತ್ತಿದರೆ ಸರಿಯಾಗುವವರೆಗೆ ಗಿಟಾರ್ ಹೆಗಲಿಗೆ ಹಾಕುವುದಿಲ್ಲ. ಆಂಪಿಗೆ ಮಿಕ್ಸರ್ ಇರುವ ಕಡೆಯಿಂದಲೇ ಕರೆಂಟ್ ಕೊಡಲು ಹೇಳುತ್ತೇನೆ. ಗುಂಯ್ ಅಂದರೆ ಡಿಐ ಮೇಲಿರುವ ಗ್ರೌಂಡ್ ಲಿಫ್ಟ್ ಸ್ವಿಚ್ (ಸಿಗ್ನಲ್ ಕೇಬಲಿನ ಅರ್ಥ್ ಮಾತ್ರ ಬಿಡಿಸುವುದು) ಒತ್ತಿ. ಪ್ಲಗ್ಗಿನ ಅರ್ಥ್ ಪಿನ್ನಿಗೆ ಯಾರನ್ನೂ ಕೈ ಹಾಕಲು ಬಿಡಬೇಡಿ. ಎಷ್ಟು ದೊಡ್ಡ ತಂಡವಾದರೂ, ಎಷ್ಟು ತಡವಾಗಿದ್ದರೂ ಸರಿ. ದಯವಿಟ್ಟು.

ಈಗ ಮಳೆಗಾಲಕ್ಕೆ ಬರೋಣ. ನಮ್ಮ ಮನೆ ಇರುವುದು ಆಗುಂಬೆ ದಾರಿಯಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಪುನರ್ವಸು, ಪುಷ್ಯ ಮಳೆಯಲ್ಲಿ ಬಟ್ಟೆ ಒಣಗುವುದಿಲ್ಲ, ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ. ನನ್ನ ಮೊದಲ ಬೇಸನ್ನು ಒಂದು ವರ್ಷ ಮನೆಯಲ್ಲೇ ಬಿಟ್ಟು ಶಿವಮೊಗ್ಗಕ್ಕೆ ಬಂದಿದ್ದೆ. ಬ್ಯಾಗಿಗೆ ಬೂಷ್ಟು ಬಂದಿದ್ದು ನೋಡಿ ಅಮ್ಮ ಅದನ್ನು ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ, ಕೊಬ್ಬರಿಯ ಪಕ್ಕ ಇಟ್ಟಿದ್ದಳು. ಬೆಚ್ಚಗಿರಲಿ ಅಂತ ಹಳೇ ಸೀರೆ ಸುತ್ತಿದ್ದಳು. ತಿಂಗಳು ಬಿಟ್ಟು ಹೋಗಿ ನೋಡಿದರೆ ನೆಕ್ಕಿನ (ಗಿಟಾರಿನ ಉದ್ದನೆಯ ಕತ್ತಿನ) ಮೇಲಿನ ಹಲಗೆ ಮೂರನೇ ಫ್ರೆಟ್ (ಲೋಹದ ಅಡ್ಡಪಟ್ಟಿ) ಹತ್ತಿರ ಅಂಟು ಬಿಟ್ಟು ಬಾಯಿ ತೆರೆದಿತ್ತು. ಉಗುರು ಒಳಗೆ ಹೋಗುವಷ್ಟು ಸಂದು. ಅಮ್ಮನಿಗೆ ನಾನು ಏನೂ ಹೇಳಲಿಲ್ಲ. ನಮ್ಮೂರಿನ ಆಚಾರರು, ಬಾಗಿಲು ಕಿಟಕಿ ಮಾಡುವವರು, ಸಂದಿಗೆ ಅಂಟು ತುಂಬಿ ಎರಡು ದಿನ ಕ್ಲ್ಯಾಂಪ್ ಹಾಕಿಟ್ಟರು. ಇವತ್ತಿಗೂ ಗಟ್ಟಿಯಾಗಿದೆ. ರಿಹರ್ಸಲ್‌ಗೆ ಅದನ್ನೇ ಒಯ್ಯುತ್ತೇನೆ.

ಅಂದರೆ ತೇವವೂ ಬೇಡ, ಬೆಂಕಿಯ ಕಾವೂ ಬೇಡ. ನಾನು ಮಾಡುವುದು ಸುಲಭ. ಮರದ ಬೀರುವಿನ ಕೆಳಗಿನ ಮೂಲೆಯಲ್ಲಿ ಒಂದು ಸಣ್ಣ ಬಲ್ಬ್, ಬಿಸಿಯಾಗುವ ಹಳೇ ಮಾದರಿಯದು. ಮಳೆಗಾಲದಲ್ಲಿ ದಿನಕ್ಕೆ ಕೆಲವು ಗಂಟೆ ಉರಿಸುತ್ತೇನೆ. ಬಟ್ಟೆ, ಬ್ಯಾಗು ಬಲ್ಬಿಗೆ ತಾಗದ ಹಾಗೆ ಸುತ್ತ ಜಾಲರಿ ಕಟ್ಟಿದ್ದೇನೆ. ಬೇಸ್ ಮೇಲಿನ ಅರೆಯಲ್ಲಿ, ಬಲ್ಬಿನಿಂದ ದೂರ. ಬ್ಯಾಗಿನೊಳಗೆ ಸಿಲಿಕಾ ಜೆಲ್ ಪೊಟ್ಟಣ. ನುಡಿಸಿದ ಮೇಲೆ ಪ್ರತಿ ತಂತಿಯನ್ನೂ ಹಳೇ ಹತ್ತಿ ಬನಿಯನ್ ತುಂಡಿನಿಂದ ಮೇಲೆ ಕೆಳಗೆ ಒರೆಸುತ್ತೇನೆ. ಕೈಬೆವರು ಹಾಗೇ ಉಳಿದರೆ ನಮ್ಮ ಹವೆಯಲ್ಲಿ ತಂತಿಗೆ ಬೇಗ ತುಕ್ಕು ಬರುತ್ತದೆ.

ಮಳೆ ಶುರುವಾದಾಗ, ಮುಗಿದಾಗ ನೆಕ್ ಬಾಗುವುದು ಸಹಜ. ನನ್ನದರಲ್ಲಿ ತಂತಿ ಮೇಲೇಳುತ್ತದೆ, ಗೆಳೆಯನ ಬೇಸಿನಲ್ಲಿ ಕೆಳಗಿಳಿದು ಕರಕರ ಅನ್ನುತ್ತದೆ. ಪರೀಕ್ಷೆ ಹೀಗೆ: ಇ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ಈಗ ತಂತಿಯೇ ಅಳತೆ ಪಟ್ಟಿ. ಏಳೆಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್ಟಿಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ಸರಾಗವಾಗಿ ಹೋಗಬೇಕು. ಎರಡು ಮೂರು ಕಾರ್ಡ್ ಹಿಡಿಸುವಷ್ಟಿದ್ದರೆ ನೆಕ್ ಮುಂದಕ್ಕೆ ಬಾಗಿದೆ, ಟ್ರಸ್ ರಾಡನ್ನು (ನೆಕ್ಕಿನ ಒಳಗಿರುವ, ಬಾಗು ಸರಿಮಾಡುವ ಲೋಹದ ಸರಳು) ಅಲೆನ್ ಕೀಯಿಂದ ಬಲಕ್ಕೆ ಕಾಲು ಸುತ್ತು ತಿರುಗಿಸಿ. ಒಂದು ಸಲಕ್ಕೆ ಕಾಲು ಸುತ್ತು, ಅಷ್ಟೇ. ಒಂದು ದಿನ ಬಿಟ್ಟು ಮತ್ತೆ ನೋಡಿ. ತಿರುಗದೆ ಬಿಗಿಯಾಗಿದ್ದರೆ ನಿಲ್ಲಿಸಿ, ಗೊತ್ತಿರುವವರ ಕೈಗೆ ಕೊಡಿ. ರಾಡ್ ಮುರಿದರೆ ನೆಕ್ ಹೋದ ಹಾಗೇ.

ತಂತಿ: 45ರಿಂದ 100ರ ಗೇಜಿನ (ದಪ್ಪದ ಅಳತೆ, ಇಂಚಿನ ಸಾವಿರದೊಂದು ಭಾಗದ ಲೆಕ್ಕ) ರೌಂಡ್‌ವೌಂಡ್ (ಮೇಲೆ ದುಂಡು ಸರಿಗೆ ಸುತ್ತಿದ್ದು) ಸಾಕು. ಮಂಕಾದ ತಂತಿಯನ್ನು ಹತ್ತು ನಿಮಿಷ ನೀರಲ್ಲಿ ಕುದಿಸಿ, ಚೆನ್ನಾಗಿ ಒಣಗಿಸಿ ಹಾಕಿದರೆ ಕೆಲವು ದಿನ ಹೊಳಪು ಮರಳುತ್ತದೆ. ತುಕ್ಕು ಬಂದದ್ದಕ್ಕೆ ಈ ಉಪಾಯ ನಡೆಯುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಹೊಸ ಬೇಸ್ ಬೇಕು ಅನಿಸಿದರೆ, ಆರ್ಕೆಸ್ಟ್ರಾಗೆ ಐದು ತಂತಿಯದು ನೋಡಿ. ಹಾಡುವವರ ಶ್ರುತಿಗೆ ತಕ್ಕ ಹಾಗೆ ಸ್ಕೇಲ್ ಬದಲಾಗುತ್ತಲೇ ಇರುತ್ತದೆ, ಕೆಳಗಿನ ಡಿ, ಸಿ ಸ್ವರ ಬೇಕಾಗುತ್ತವೆ. ಅದಕ್ಕೂ ಮೊದಲು, ನಿಮ್ಮ 174ರಲ್ಲಿ ಪಿ ಮತ್ತು ಜೆ ಎರಡೂ ಬಗೆಯ ಪಿಕಪ್ (ತಂತಿಯ ಕಂಪನ ಹಿಡಿಯುವ ಅಯಸ್ಕಾಂತದ ಭಾಗ) ಇವೆ. ಅದರಲ್ಲಿ ಪಿ ಪಿಕಪ್ ಒಂದನ್ನೇ ಪೂರ್ತಿ ಏರಿಸಿ ಹೊಸ ಆಂಪಿನಲ್ಲಿ ಒಮ್ಮೆ ಕೇಳಿ. ಆಕ್ಟಿವ್ ಬೇಸ್ (ಒಳಗೆ ಬ್ಯಾಟರಿಯಿಂದ ನಡೆಯುವ ಸರ್ಕ್ಯೂಟ್ ಇರುವುದು) ತಗೊಂಡರೆ ನುಡಿಸಿ ಆದ ಮೇಲೆ ಕೇಬಲ್ ಕೀಳಿ, ಇಲ್ಲದಿದ್ದರೆ ಒಳಗಿನ 9 ವೋಲ್ಟ್ ಬ್ಯಾಟರಿ ಸುಮ್ನೆ ಖಾಲಿಯಾಗುತ್ತಿರುತ್ತದೆ.

ಈ ಭಾನುವಾರ ಆ ವಿಸಿಟಿಂಗ್ ಕಾರ್ಡ್ ಪರೀಕ್ಷೆ ಮಾಡಿ. ಎಷ್ಟು ಕಾರ್ಡ್ ಹಿಡಿಸಿತು, ಯಾವ ಫ್ರೆಟ್‌ನಲ್ಲಿ ಕರಕರ ಅನ್ನುತ್ತಿದೆ ಅಂತ ಕೆಳಗೆ ಬರೆಯಿರಿ. ನೋಡಿ ಹೇಳುತ್ತೇನೆ.